ಒಬ್ಬನೇ ಆಡುವವನಿಗೂ ಸರ್ವರ್‌ನ ಹಂಗೇಕೆ?

ಯಶವಂತನಗರ (ಸಂಡೂರು ತಾಲ್ಲೂಕು): ಅಂತರ್ಜಾಲ ಆಟಗಳ ನಿಯಂತ್ರಣಕ್ಕೆಂದು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತು. ಹಣ ಪಣಕ್ಕಿಡುವ ಆಟಗಳಿಗೆ ನಿಷೇಧ, ಇ-ಕ್ರೀಡೆಗಳಿಗೆ ಮಾನ್ಯತೆ, ಮನರಂಜನೆಯ ಆಟಗಳಿಗೆ ಉತ್ತೇಜನ, ಇದು ಆ ಕಾಯ್ದೆಯ ಸಾರ. ಆದರೆ ಜೂಜಿನ ಗೋಜಿಗೆ ಹೋಗದೆ, ದುಡ್ಡು ತೆತ್ತು ವಿಡಿಯೋ ಗೇಮ್ ಒಂದನ್ನು ಕೊಂಡು, ರಾತ್ರಿ ಊಟವಾದ ಮೇಲೆ ಮನೆಯ ಮೂಲೆಯಲ್ಲಿ ಕುಳಿತು ಆಡುವ ಸಾಮಾನ್ಯ ಗ್ರಾಹಕನ ಹಕ್ಕೇನು? ಈ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿಲ್ಲ. ಕೊಂಡ ಆಟವನ್ನು ಮಾರಿದ ಕಂಪನಿಯೇ ಒಂದು ದಿನ ದೂರದಿಂದ ಆರಿಸಿಬಿಟ್ಟರೆ ಕೇಳುವವರಾರು ಎಂಬುದೂ ಸ್ಪಷ್ಟವಾಗಿಲ್ಲ.

ಈ ಪ್ರಶ್ನೆ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಅಷ್ಟಾಗಿ ಕಾಡದಿರಬಹುದು. ಹೊಸಪೇಟೆಯಿಂದ ಸ್ವಾಮಿಹಳ್ಳಿಯತ್ತ ಅದಿರು ಸಾಗಿಸುವ ರೈಲು ಮಾರ್ಗದ ಮೇಲಿರುವ ಯಶವಂತನಗರದಂಥ ಊರಿನಲ್ಲಿ ಕಾಡುತ್ತದೆ. ಇಂಥ ಊರುಗಳಲ್ಲಿ ಮೊಬೈಲ್ ಇಲ್ಲದ ಮನೆ ಇಂದು ಅಪರೂಪ. ಆದರೆ ಗಾಳಿ-ಮಳೆ ಬಂದಾಗ ಕರೆಂಟು ಹೋಗುವುದೂ, ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಹೋಗುವುದೂ ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪ್ ಇದ್ದರೂ, ಆಟ ಅದರೊಳಗೇ ಇದ್ದರೂ, ಆಡುವವನೊಬ್ಬನೇ ಆದರೂ, ಆಟ ತೆರೆದುಕೊಳ್ಳುವುದಿಲ್ಲ. ಏಕೆಂದರೆ ಅದರ ಬೀಗದ ಕೈ ಪರದೇಶದ ಸರ್ವರ್‌ನಲ್ಲಿದೆ.

ಏನಿದು ಲೂಟಿಯ ಆಟ?

ಸಮಸ್ಯೆಯ ತೀವ್ರತೆ ಅರಿಯಬೇಕಾದರೆ ಒಂದು ನಿರ್ದಿಷ್ಟ ಬಗೆಯ ಆಟವನ್ನು ಗಮನಿಸಬೇಕು. ಅದು ಕೂಡಿ ಆಡಬಹುದಾದ, ಲೂಟಿಯೇ ಜೀವಾಳವಾದ ಬಂದೂಕಿನ ಆಟ. ಆಟಗಾರರು ಇದನ್ನು ‘ಲೂಟರ್ ಶೂಟರ್’ ಎನ್ನುತ್ತಾರೆ. ‘ಲೂಟ್’ ಎಂಬ ಇಂಗ್ಲಿಷ್ ಪದ ಹೋದದ್ದು ನಮ್ಮ ದೇಶದಿಂದಲೇ ಎಂಬುದು ಕುತೂಹಲಕರ. ಗಣಿಗಾರಿಕೆಯ ಗದ್ದಲ ಕಂಡ ಸಂಡೂರು ಸೀಮೆಗಂತೂ ಆ ಪದ ಹೊಸತಲ್ಲ. ಇಲ್ಲಿನ ಲೂಟಿ ಮಾತ್ರ ಪೂರ್ತಿ ಕಾಲ್ಪನಿಕ.

ಈ ಬಗೆಯನ್ನು ಜನಪ್ರಿಯಗೊಳಿಸಿದ ಕೀರ್ತಿ ಅಮೆರಿಕದ ಗೇರ್‌ಬಾಕ್ಸ್ ಸಂಸ್ಥೆ 2009ರಲ್ಲಿ ಹೊರತಂದ ‘ಬಾರ್ಡರ್‌ಲ್ಯಾಂಡ್ಸ್’ ಆಟಕ್ಕೆ ಸಲ್ಲುತ್ತದೆ. ಅದರ ಕ್ರಮ ಸರಳ. ಶತ್ರುವನ್ನು ಉರುಳಿಸಿದರೆ ಅಥವಾ ಪೆಟ್ಟಿಗೆಯ ಮುಚ್ಚಳ ತೆಗೆದರೆ ಬಂದೂಕು, ರಕ್ಷಾಕವಚ ಮೊದಲಾದವು ಸಿಗುತ್ತವೆ. ಪ್ರತಿ ವಸ್ತುವಿನ ಗುಣವನ್ನೂ ಗಣಕವೇ ಆ ಕ್ಷಣದಲ್ಲಿ ಕಲೆಸಿ ಕೊಡುವುದರಿಂದ ಮುಂದೆ ಏನು ಸಿಕ್ಕೀತೆಂದು ಹೇಳಲಾಗದು. ಬಿಳಿ ಬಣ್ಣದ್ದು ಸಾಧಾರಣ, ಹಸಿರು ಅದಕ್ಕಿಂತ ಮೇಲು, ನೀಲಿ ಅಪರೂಪ, ನೇರಳೆ ಮತ್ತಷ್ಟು ಅಪರೂಪ, ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದೃಷ್ಟ. ‘ಇನ್ನೊಂದು ಪೆಟ್ಟಿಗೆ ನೋಡಿ ಮಲಗೋಣ’ ಎಂದುಕೊಂಡವನಿಗೆ ಬೆಳಗಾದದ್ದೇ ತಿಳಿಯದಂತೆ ಮಾಡುವುದು ಈ ಅನಿಶ್ಚಿತತೆಯೇ.

ಈ ಸೆಳೆತದ ಬಲಕ್ಕೆ 2014ರ ಒಂದು ಪ್ರಸಂಗ ಸಾಕ್ಷಿ. ಬಂಜಿ ಸಂಸ್ಥೆಯ ‘ಡೆಸ್ಟಿನಿ’ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಒಂದು ಗುಹೆಯ ಬಾಯಿಂದ ಶತ್ರುಗಳು ಎಡೆಬಿಡದೆ ಹೊರಬರುತ್ತಾರೆಂಬುದನ್ನು ಆಟಗಾರರು ಕಂಡುಕೊಂಡರು. ಕಥೆ, ಸಾಹಸ ಎಲ್ಲವನ್ನೂ ಬದಿಗಿಟ್ಟು ಗುಹೆಯ ಮುಂದೆ ಸಾಲಾಗಿ ನಿಂತು ಗುಂಡು ಹಾರಿಸತೊಡಗಿದರು. ಗಂಟೆಗಟ್ಟಲೆ ಹೊಡೆದು, ಬಿದ್ದ ವಸ್ತುಗಳನ್ನು ಆಯ್ದುಕೊಂಡದ್ದೇ ಆಟವಾಯಿತು. ಅದೇ ತಿಂಗಳು ಕಂಪನಿ ಆ ದಾರಿ ಮುಚ್ಚಬೇಕಾಯಿತು.

ಒಂಟಿಯಾಗಿ ಒಂದು ರುಚಿ, ಜೊತೆಯಾಗಿ ಒಂದು ರುಚಿ

ಹೊರಗಿನಿಂದ ನೋಡುವವರಿಗೆ ಇದು ಗುಂಡಿನ ಸದ್ದು ಮಾತ್ರ. ಆಡುವವರಿಗೆ ಒಂದೇ ಆಟದಲ್ಲಿ ಎರಡು ಬಗೆಯ ಸುಖವಿದೆ. ಒಬ್ಬನೇ ಆಡುವಾಗ ಅವಸರವಿಲ್ಲ. ಬೆಟ್ಟದ ಹಿಂದೇನಿದೆ ಎಂದು ನೋಡಬಹುದು, ಪಾತ್ರಗಳ ಮಾತು ಪೂರ್ತಿ ಕೇಳಬಹುದು, ಸಿಕ್ಕ ಎರಡು ಬಂದೂಕುಗಳನ್ನು ಹೋಲಿಸಿ ಯಾವುದನ್ನಿಟ್ಟುಕೊಳ್ಳಲಿ ಎಂದು ಕಾಲು ಗಂಟೆ ಯೋಚಿಸಬಹುದು. ಅಮ್ಮ ಊಟಕ್ಕೆ ಕರೆದರೆ ಆಟವನ್ನು ಅಲ್ಲೇ ನಿಲ್ಲಿಸಿ ಎದ್ದುಹೋಗಬಹುದು. ಪಾಳಿ ಮುಗಿಸಿ ದಣಿದು ಬಂದವನಿಗೆ ಯಾರೊಡನೆಯೂ ಮಾತಾಡದೆ ಕಳೆವ ಒಂದು ಗಂಟೆ ಬಹಳ ದೊಡ್ಡದು.

ಗೆಳೆಯರು ಸೇರಿದರೆ ಅದೇ ಆಟದ ಚಹರೆ ಬದಲಾಗುತ್ತದೆ. ಬಾರ್ಡರ್‌ಲ್ಯಾಂಡ್ಸ್‌ನಲ್ಲಿ ನಾಲ್ವರು ಕೂಡಿ ಆಡಬಹುದು. ಆಟಗಾರರು ಹೆಚ್ಚಿದಂತೆ ಶತ್ರುಗಳೂ ಬಲಿಷ್ಠರಾಗುತ್ತಾರೆ. ಬಿದ್ದವನನ್ನು ಇನ್ನೊಬ್ಬ ಓಡಿಬಂದು ಎಬ್ಬಿಸಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ, ಬಳ್ಳಾರಿಯಲ್ಲಿ ಓದುತ್ತಿರುವ ತಮ್ಮ, ಊರಲ್ಲೇ ಉಳಿದ ಗೆಳೆಯ, ಮೂವರೂ ಒಂದೇ ಅಂಗಳದಲ್ಲಿ ನಿಂತಂತೆ ಹರಟಬಹುದು. ಹಿಂದೆ ರಾಜ್ಯದ ಪಟ್ಟಣಗಳ ಸೈಬರ್ ಕೆಫೆಗಳಲ್ಲಿ ಪಕ್ಕಪಕ್ಕ ಕುಳಿತು, ತಂತಿಯಿಂದ ಜೋಡಿಸಿದ ಗಣಕಗಳಲ್ಲಿ ಆಡುತ್ತಿದ್ದ ಪೀಳಿಗೆಗೆ ಈ ಸುಖದ ಪರಿಚಯವಿದೆ.

ಕೂಡಿ ಆಡುವಲ್ಲಿ ಜಗಳಕ್ಕೂ ಎಡೆಯುಂಟು. ಮೊದಲೆರಡು ಬಾರ್ಡರ್‌ಲ್ಯಾಂಡ್ಸ್‌ಗಳಲ್ಲಿ ಬಿದ್ದ ವಸ್ತು ಮೊದಲು ಕೈ ಹಾಕಿದವನದು. ಕಷ್ಟಪಟ್ಟವನೊಬ್ಬ, ಬಾಚಿಕೊಂಡವನೊಬ್ಬ ಎಂಬ ಮುನಿಸು ಸಹಜವಾಗಿತ್ತು. 2019ರ ಮೂರನೆಯ ಆಟದಲ್ಲಿ ಇದಕ್ಕೆ ಪರಿಹಾರ ಬಂತು. ಪ್ರತಿಯೊಬ್ಬನಿಗೂ ಅವನವನ ಪಾಲು ಬೇರೆಬೇರೆಯಾಗಿ ಬೀಳುವ ಕ್ರಮ, ಹಳೆಯ ಕಿತ್ತಾಟದ ಕ್ರಮ, ಎರಡನ್ನೂ ಕೊಟ್ಟು ಆಯ್ಕೆಯನ್ನು ಆಟಗಾರರಿಗೇ ಬಿಡಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಆ ಆಯ್ಕೆಯೇ. 2009ರ ಬಾರ್ಡರ್‌ಲ್ಯಾಂಡ್ಸ್ ಅನ್ನು ಅಂತರ್ಜಾಲವಿಲ್ಲದೆ ಒಬ್ಬನೇ ಆಡಬಹುದಿತ್ತು, ಒಂದೇ ಟಿ.ವಿ. ಪರದೆಯನ್ನು ಎರಡಾಗಿಸಿ ಇಬ್ಬರು ಆಡಬಹುದಿತ್ತು. ಅಂತರ್ಜಾಲದ ಮೂಲಕ ನಾಲ್ವರು ಸೇರಬಹುದಿತ್ತು. ಜೊತೆ ಬೇಕೆನಿಸಿದಾಗ ಜೊತೆ, ಬೇಡವೆನಿಸಿದಾಗ ಏಕಾಂತ. ಮುಂದೆ ಬಂದ ಹಲವು ಆಟಗಳು ಈ ಆಯ್ಕೆಯನ್ನೇ ಕಸಿದುಕೊಂಡವು.

ಬೆಂಗಳೂರಿನ ನಂಟಿದ್ದ ಕಂಪನಿಯ ಕಥೆ

ಇದಕ್ಕೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯದು ಉತ್ತಮ ನಿದರ್ಶನ. ಈ ಕಂಪನಿಗೆ ಕರ್ನಾಟಕದ ನಂಟೂ ಇತ್ತು. ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದಾದ, 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಕೆಲ ಕಾಲ ಸ್ಟಾರ್‌ಬ್ರೀಜ್ ಒಡೆತನದಲ್ಲಿತ್ತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಖರೀದಿಸಿತು.

ಸ್ಟಾರ್‌ಬ್ರೀಜ್‌ಗೆ ಹೆಸರು ತಂದದ್ದು ನಾಲ್ವರು ಕೂಡಿ ಬ್ಯಾಂಕು ದೋಚುವ ‘ಪೇಡೇ’ ಸರಣಿ. ಲೂಟರ್ ಶೂಟರ್‌ಗಳಿಗೆ ಇದು ಹತ್ತಿರದ ಬಂಧು. ಇಲ್ಲಿನ ಲೂಟಿ ಎಂದರೆ ಹಣದ ಚೀಲಗಳೇ. 2013ರ ‘ಪೇಡೇ 2’ನ್ನು ಅಂತರ್ಜಾಲವಿಲ್ಲದೆಯೂ ಆಡಬಹುದಿತ್ತು. ಜೊತೆಗಾರರ ಪಾತ್ರವನ್ನು ಗಣಕವೇ ನಿರ್ವಹಿಸುತ್ತಿತ್ತು. ಹತ್ತು ವರ್ಷಗಳ ನಂತರ, 2023ರ ಸೆಪ್ಟೆಂಬರ್ 21ರಂದು ಬಂದ ‘ಪೇಡೇ 3’ಕ್ಕೆ ಸದಾ ಅಂತರ್ಜಾಲ ಕಡ್ಡಾಯವಾಯಿತು. ಒಬ್ಬನೇ ಆಡಿದರೂ ಸರ್ವರ್ ಒಪ್ಪಬೇಕು.

ಬಿಡುಗಡೆಯಾದೊಡನೆ ಆಟಗಾರರನ್ನು ಜೋಡಿಸುವ ವ್ಯವಸ್ಥೆ ಕುಸಿಯಿತು. ದುಡ್ಡು ಕೊಟ್ಟವರು ದಿನಗಟ್ಟಲೆ ಬಾಗಿಲಲ್ಲಿ ಕಾದರು. ಯಾರ ಜೊತೆಯೂ ಬೇಡವೆಂದವರಿಗೂ ಪ್ರವೇಶ ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಕಂಪನಿ ಕ್ಷಮೆ ಕೋರಿತು. 2024ರ ಮಧ್ಯಭಾಗದಲ್ಲಿ ಏಕಾಂಗಿ ಆಟದ ವಿಧಾನವನ್ನು ಸೇರಿಸಿತು. ಆರಂಭದಲ್ಲಿ ಅದರೊಳಗೆ ಹೋಗುವುದಕ್ಕೂ ಅಂತರ್ಜಾಲ ಬೇಕೇ ಬೇಕಿತ್ತು ಎಂಬುದು ವಿಪರ್ಯಾಸ.

ಅಂಗಡಿ ಮುಚ್ಚಿದರೆ ಆಟವೂ ಮಾಯ

ಇದು ತಾತ್ಕಾಲಿಕ ತೊಂದರೆ. ಶಾಶ್ವತ ನಷ್ಟದ ಉದಾಹರಣೆಗಳೂ ಉಂಟು. ಬಯೋವೇರ್ ರೂಪಿಸಿ ಎಲೆಕ್ಟ್ರಾನಿಕ್ ಆರ್ಟ್ಸ್ 2019ರ ಫೆಬ್ರವರಿಯಲ್ಲಿ ಹೊರತಂದ ‘ಆಂಥೆಮ್’ ಕೂಡಿ ಆಡುವ ಲೂಟಿಯ ಆಟ. ಒಬ್ಬನೇ ಆಡುವ ಅವಕಾಶವಿದ್ದರೂ ಸರ್ವರ್ ಇಲ್ಲದೆ ನಡೆಯದು. 2026ರ ಜನವರಿ 12ರಂದು ಸರ್ವರ್ ನಿಲ್ಲಿಸುವುದಾಗಿ ಕಂಪನಿ 2025ರ ಜುಲೈನಲ್ಲಿ ಪ್ರಕಟಿಸಿತು. ಆ ದಿನದಿಂದಾಚೆ ಕೊಂಡವರ ಬಳಿಯಿರುವ ಡಿಸ್ಕ್ ಬರೀ ಪ್ಲಾಸ್ಟಿಕ್ ಬಿಲ್ಲೆ.

‘ಡೆಸ್ಟಿನಿ 2’ರ ಕಥೆ ಇನ್ನೊಂದು ಬಗೆ. ಆಟ ಇಂದಿಗೂ ಇದೆ. ಆದರೆ 2017ರಲ್ಲಿ ಜನ ಹಣ ಕೊಟ್ಟು ಪಡೆದ ಮೂಲ ಕಥಾಭಾಗವನ್ನು 2020ರ ನವೆಂಬರ್‌ನಲ್ಲಿ ಕಂಪನಿಯೇ ಹೊರತೆಗೆಯಿತು. ಕೊಂಡ ಪುಸ್ತಕದ ಮೊದಲ ಅಧ್ಯಾಯಗಳನ್ನು ಪ್ರಕಾಶಕನೇ ಮನೆಗೆ ಬಂದು ಹರಿದುಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ?

ಮನಸ್ಸು ಮಾಡಿದರೆ ಬೇರೆ ದಾರಿಯಿದೆ ಎಂಬುದಕ್ಕೂ ಪುರಾವೆಗಳಿವೆ. 2023ರ ಮೇ ತಿಂಗಳಲ್ಲಿ ಬಂದ ‘ರೆಡ್‌ಫಾಲ್’ಗೆ ಆರಂಭದಲ್ಲಿ ಸದಾ ಅಂತರ್ಜಾಲ ಬೇಕಿತ್ತು. ಒಂದು ವರ್ಷದ ನಂತರ ಅದನ್ನು ರೂಪಿಸಿದ ಆರ್ಕೇನ್ ಆಸ್ಟಿನ್ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಮುಚ್ಚಿತು. ಆದರೆ ಹೋಗುವ ಮುನ್ನ ಕೊನೆಯ ಪರಿಷ್ಕರಣೆಯಲ್ಲಿ ಅಂತರ್ಜಾಲವಿಲ್ಲದೆ ಆಡುವ ಅವಕಾಶ ನೀಡಲಾಯಿತು. 2024ರ ಫೆಬ್ರವರಿಯಲ್ಲಿ ಬಂದ ‘ಸೂಯಿಸೈಡ್ ಸ್ಕ್ವಾಡ್’ ಆಟಕ್ಕೂ ಅದೇ ಡಿಸೆಂಬರ್‌ನಲ್ಲಿ ಇಂಥದೇ ಸೌಲಭ್ಯ ದೊರೆಯಿತು. ಎರಡೂ ಮಾರುಕಟ್ಟೆಯಲ್ಲಿ ಸೋತ ಆಟಗಳು. ಸೋತವರು ಮಾಡಬಹುದಾದದ್ದನ್ನು ಗೆದ್ದವರು ಮೊದಲೇ ಏಕೆ ಮಾಡಬಾರದು?

ಕಂಪನಿಗಳ ವಾದವೇನು?

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಆಟಗಾರನ ಬಂದೂಕು, ಅಂಕ, ಮಟ್ಟ ಎಲ್ಲವೂ ಅವನ ಗಣಕದಲ್ಲೇ ಇದ್ದರೆ ತಿದ್ದಿಕೊಳ್ಳುವುದು ಸುಲಭ. ಹಾಗೆ ತಿದ್ದಿಕೊಂಡವನು ಇತರರೊಡನೆ ಆಡಲು ಬಂದರೆ ಪ್ರಾಮಾಣಿಕನಿಗೆ ಅನ್ಯಾಯ. ಕಳ್ಳ ಪ್ರತಿಗಳ ಹಾವಳಿಯೂ ಇದೆ. ಸರ್ವರ್ ನಡೆಸಲು ತಿಂಗಳು ತಿಂಗಳೂ ವೆಚ್ಚವಾಗುವುದರಿಂದ ಆಡುವವರು ವಿರಳವಾದಾಗಲೂ ಅನಂತಕಾಲ ನಡೆಸಿ ಎನ್ನುವುದು ನ್ಯಾಯವಲ್ಲ.

ಆದರೆ ಈ ವಾದಗಳು ಕೂಡಿ ಆಡುವವರಿಗೆ ಅನ್ವಯಿಸುವಷ್ಟು ಒಂಟಿಯಾಗಿ ಆಡುವವನಿಗೆ ಅನ್ವಯಿಸವು. ಒಬ್ಬನೇ ಆಡುವವನು ತನ್ನ ಬಂದೂಕಿನ ಬಲ ತಿದ್ದಿಕೊಂಡರೆ ಮೋಸ ಹೋಗುವವನು ಅವನೇ. ಏಕಾಂಗಿ ಆಟದ ಪಾತ್ರವನ್ನೂ ಅಂತರ್ಜಾಲದ ಪಾತ್ರವನ್ನೂ ಪ್ರತ್ಯೇಕವಾಗಿರಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಸದಾ ಸಂಪರ್ಕದ ಹಿಂದೆ ಹೇಳದ ಕಾರಣವೊಂದಿದೆ. ಆಟಗಾರ ಸಂಪರ್ಕದಲ್ಲಿದ್ದಷ್ಟು ಹೊತ್ತೂ ಅವನಿಗೆ ಹೊಸ ಉಡುಪು, ಹೊಸ ಅಲಂಕಾರ, ಹೊಸ ಕಂತಿನ ಅಂಗಡಿ ತೆರೆದಿಡಬಹುದು. ಆಟ ಒಮ್ಮೆ ಮಾರುವ ಸರಕಿನಿಂದ ನಿತ್ಯ ವ್ಯಾಪಾರವಾಗಿ ಬದಲಾಗಿದೆ.

ಇಲ್ಲೊಂದು ವ್ಯತ್ಯಾಸ ಗುರುತಿಸಬೇಕು. ಆಟದೊಳಗೆ ಆಡಿ ಗಳಿಸುವ ಲೂಟಿ ಬೇರೆ, ನಿಜವಾದ ಹಣ ಕೊಟ್ಟು ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ‘ಲೂಟ್ ಬಾಕ್ಸ್’ ಬೇರೆ. ಎರಡನೆಯದನ್ನು ಬೆಲ್ಜಿಯಂ 2018ರಲ್ಲೇ ಜೂಜಿನ ಸಾಲಿಗೆ ಸೇರಿಸಿತು. ಅದೃಷ್ಟದ ಪ್ರಮಾಣವನ್ನು ಬಹಿರಂಗಪಡಿಸಬೇಕೆಂಬ ಚೀನಾದ ಆದೇಶ 2017ರಲ್ಲಿ ಜಾರಿಗೆ ಬಂತು. ಮೊದಲನೆಯದರಲ್ಲಿ ಕಳೆದುಕೊಳ್ಳುವುದು ಸಮಯವನ್ನಷ್ಟೇ.

ದೂರದ ಲೆಕ್ಕ

ನಮ್ಮ ಸೀಮೆಯ ಗ್ರಾಹಕನ ಕಷ್ಟ ಭೂಗೋಳಕ್ಕೂ ಸಂಬಂಧಿಸಿದ್ದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಮೂರು ಸಾವಿರ ಕಿ.ಮೀ.ಗೂ ಮಿಗಿಲಾಗಿ ದೂರವಿರುವ ಸಿಂಗಪುರದ ಸರ್ವರ್‌ಗೆ ಸಂಡೂರಿನಿಂದ ಸಂದೇಶ ಹೋಗಿ ಬರಲು ಕನಿಷ್ಠ 30 ಮಿಲಿಸೆಕೆಂಡು ಬೇಕು. ಯುರೋಪಿನ ಸರ್ವರ್ ಆದರೆ ಅದರ ಎರಡು ಪಟ್ಟಿಗೂ ಹೆಚ್ಚು. ಕೇಬಲ್‌ಗಳು ನೇರ ರೇಖೆಯಲ್ಲಿ ಸಾಗವಾದ್ದರಿಂದ ವಾಸ್ತವದಲ್ಲಿ ವಿಳಂಬ ಇನ್ನೂ ಅಧಿಕ. ಕುದುರೆ ಹತ್ತಿದವನು ಲಗಾಮು ಎಳೆದ ಕ್ಷಣ ಕಳೆದ ಮೇಲೆ ಕುದುರೆ ತಿರುಗಿದಂತೆ, ಆಟಗಾರ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಫಲ ಕಾಣುವುದಕ್ಕೂ ಅಂತರ ಬೀಳುತ್ತದೆ. ಗೆಳೆಯರೊಡನೆ ಆಡುವಾಗ ಇದನ್ನು ಸಹಿಸಬಹುದು, ಅದು ಜೊತೆಗಾರಿಕೆಯ ಬೆಲೆ. ಒಬ್ಬನೇ ಆಡುವವನು ಇದನ್ನೇಕೆ ತೆರಬೇಕು?

ಇನ್ನು ಆಟವನ್ನು ಇಳಿಸಿಕೊಳ್ಳುವ ಮಾತು. ‘ಬಾರ್ಡರ್‌ಲ್ಯಾಂಡ್ಸ್ 3’ಕ್ಕೆ ಗಣಕದಲ್ಲಿ 75 ಜಿ.ಬಿ., ‘ಡೆಸ್ಟಿನಿ 2’ಕ್ಕೆ 105 ಜಿ.ಬಿ. ಜಾಗ ಬೇಕೆಂದು ಕಂಪನಿಗಳೇ ಸೂಚಿಸಿವೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 75 ಜಿ.ಬಿ. ಇಳಿಸಿಕೊಳ್ಳಲು ಹೆಚ್ಚುಕಡಿಮೆ 17 ಗಂಟೆ ಹಿಡಿಯುತ್ತದೆ. ಒಮ್ಮೆ ಇಷ್ಟು ಪಾಡುಪಟ್ಟು ಇಳಿಸಿಕೊಂಡವನಿಗೆ ಆಮೇಲಾದರೂ ನೆಮ್ಮದಿಯಿಂದ ಆಡುವ ಹಕ್ಕು ಇರಬೇಡವೇ?

ಕಾನೂನು ಎಲ್ಲಿ ನಿಂತಿದೆ?

ಕರ್ನಾಟಕಕ್ಕೆ ಅಂತರ್ಜಾಲ ಆಟದ ಕಾನೂನು ಹೊಸದೇನಲ್ಲ. ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತರಲಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಕೇಂದ್ರ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಯೂ ಕರ್ನಾಟಕ ಹೈಕೋರ್ಟ್‌ಗೆ ಬಂದಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಇನ್ನೊಂದೆಡೆ, ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯವೂ ನಮ್ಮದೇ. 2024ರಲ್ಲಿ ಹೊಸ ನೀತಿಯೂ ಬಂತು. ಹೀಗೆ ಜೂಜಾಡುವವನ ಬಗ್ಗೆ ಚಿಂತೆ ನಡೆದಿದೆ, ಆಟ ತಯಾರಿಸುವವನ ಬಗ್ಗೆ ಕಾಳಜಿ ಇದೆ. ಆಟ ಕೊಂಡವನು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ.

ಅವನಿಗೆ ಉಳಿದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಸರಕುಗಳೂ ಸೇರಿವೆ. ಸಕಾರಣವಿಲ್ಲದೆ ಒಂದು ಪಕ್ಷವೇ ಒಪ್ಪಂದ ಮುರಿಯಲು ಅವಕಾಶ ನೀಡುವ ಷರತ್ತನ್ನು ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂದು ಪರಿಗಣಿಸುತ್ತದೆ. ಆದರೆ ಅಂಥ ದೂರನ್ನು ಜಿಲ್ಲಾ ಆಯೋಗದಲ್ಲಿ ಸಲ್ಲಿಸುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಕೆಲವು ಸಾವಿರ ರೂಪಾಯಿಯ ಆಟಕ್ಕಾಗಿ ಸಂಡೂರಿನಿಂದ ಬೆಂಗಳೂರಿಗೆ ಎಷ್ಟು ಮಂದಿ ಅಲೆದಾರು?

ಹೊರದೇಶಗಳಲ್ಲಿ ಚರ್ಚೆ ಮುಂದೆ ಸಾಗಿದೆ. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಹುಟ್ಟಿತು. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಅದರ ಮನವಿ 2025ರ ಜುಲೈನಲ್ಲಿ 10 ಲಕ್ಷ ಸಹಿಗಳ ಗಡಿ ದಾಟಿತು. ಸರ್ವರ್ ಅನ್ನು ಅನಂತಕಾಲ ನಡೆಸಿ ಎಂದು ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಕೇವಲ ಬಳಕೆಯ ಪರವಾನಗಿ ನೀಡುತ್ತಿದ್ದರೆ ಅದನ್ನು ಸ್ಪಷ್ಟಪಡಿಸದೆ ‘ಕೊಳ್ಳಿರಿ’ ಎಂಬ ಪದ ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಬಳಸಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ.

ಚಟದ ಪ್ರಶ್ನೆ

ಹೆತ್ತವರ ಆತಂಕವನ್ನು ಕಡೆಗಣಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆ ‘ಶಟ್’ ಚಿಕಿತ್ಸಾಲಯ ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಸನ 2022ರಿಂದ ಸ್ಥಾನ ಪಡೆದಿದೆ. ಲೂಟಿಯ ಆಟಗಳಂತೂ ‘ಇನ್ನೊಂದು ಸಲ’ ಎಂಬ ಆಸೆಯ ಮೇಲೆಯೇ ನಿಂತಿವೆ. ಹಾಗಿದ್ದಮೇಲೆ ಸರ್ವರ್ ನಿಂತರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ.

ಆದರೆ ಹೆಚ್ಚು ಹಿಡಿದಿಡುವುದು ಯಾವ ಆಟ ಎಂಬುದನ್ನು ನೋಡಬೇಕು. ಇಂದು ಬಾರದಿದ್ದರೆ ಬಹುಮಾನ ತಪ್ಪೀತು, ಈ ವಾರ ಆಡದಿದ್ದರೆ ಗೆಳೆಯರು ಮುಂದೆ ಹೋದಾರು ಎಂಬ ಒತ್ತಡ ಹೇರುವುದು ಸದಾ ಸಂಪರ್ಕದ ಆಟ. ಅದರ ನಡುವೆ ನಿಲ್ಲಿಸಿ ಏಳುವಂತಿಲ್ಲ. ಏಕಾಂಗಿ ಆಟಕ್ಕೆ ಕಥೆಯ ಕೊನೆಯೆಂಬುದಿದೆ, ಎಲ್ಲೆಂದರಲ್ಲಿ ನಿಲ್ಲಿಸಿ ಎದ್ದುಹೋಗುವ ಸ್ವಾತಂತ್ರ್ಯವಿದೆ. ಮಗ ಮಿತವಾಗಿ ಆಡಲಿ ಎಂದು ಬಯಸುವ ತಂದೆತಾಯಿಗೆ ಅಂತರ್ಜಾಲವಿಲ್ಲದ ಆಟವೇ ಹೆಚ್ಚು ಅನುಕೂಲ.

ಆಗಬೇಕಾದದ್ದೇನು?

ಕೇಳಬೇಕಾದದ್ದು ಬಹಳವೇನಿಲ್ಲ. ಒಂದು, ಆಟಕ್ಕೆ ಸದಾ ಅಂತರ್ಜಾಲ ಬೇಕೇ ಎಂಬುದನ್ನು ಬೆಲೆಯ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ನಮೂದಿಸಬೇಕು. ಎರಡು, ಒಬ್ಬನೇ ಆಡಬಹುದೆಂದು ಹೇಳಿ ಮಾರಿದ ಆಟ ಅಂತರ್ಜಾಲವಿಲ್ಲದೆಯೂ ನಡೆಯಬೇಕು. ಮೂರು, ಸರ್ವರ್ ನಿಲ್ಲಿಸುವ ಕಂಪನಿ ಸಾಕಷ್ಟು ಮುಂಚೆ ತಿಳಿಸಿ, ಆಟವನ್ನು ಆಡುವ ಸ್ಥಿತಿಯಲ್ಲಿ ಬಿಡಬೇಕು, ಇಲ್ಲವೇ ಹಣ ಮರಳಿಸಬೇಕು. ಹೊಸ ಕಾನೂನೇ ಬೇಕೆಂದಿಲ್ಲ, ಗ್ರಾಹಕ ಸಂರಕ್ಷಣೆಯ ನಿಯಮಗಳಲ್ಲೇ ಇವನ್ನು ಸೇರಿಸಬಹುದು.

ಅಲ್ಲಿಯವರೆಗೆ ಎಚ್ಚರ ಕೊಳ್ಳುವವನದೇ. ಹಣ ಕೊಡುವ ಮುನ್ನ ‘ಏಕಾಂಗಿ ಆಟ’ ಎಂಬ ಮಾತನ್ನಷ್ಟೇ ನಂಬದೆ ‘ಅಂತರ್ಜಾಲ ಕಡ್ಡಾಯ’ ಎಂಬ ಸಣ್ಣಕ್ಷರವನ್ನೂ ಹುಡುಕಿ ಓದಬೇಕು. ಬಿಡುಗಡೆಯ ಮೊದಲ ವಾರ ಕಾದು ನೋಡುವುದು ಲೇಸು. ಮೋಸವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ದೂರುಗಳು ದಾಖಲಾದರೆ ತಾನೇ ಸರ್ಕಾರಕ್ಕೆ ಸಮಸ್ಯೆ ಕಾಣುವುದು?

ಕೂಡಿ ಆಡುವುದಕ್ಕೆ ನಾಲ್ಕು ಜನ ಬೇಕು, ನೆಟ್‌ವರ್ಕ್ ಬೇಕು, ಸರ್ವರ್ ಬೇಕು. ಇದನ್ನು ಯಾರೂ ಅಲ್ಲಗಳೆಯರು. ಒಬ್ಬನೇ ಆಡುವವನಿಗೆ ಬೇಕಾದದ್ದು ತಾನು ದುಡ್ಡು ಕೊಟ್ಟು ತಂದ ಆಟವೊಂದೇ. ಅದನ್ನಾದರೂ ಅವನ ಕೈಯಲ್ಲೇ ಉಳಿಸುವುದು ವ್ಯಾಪಾರದ ಕನಿಷ್ಠ ಮರ್ಯಾದೆ.